ನೂಲಿನಲ್ಲಿ ಕಟ್ಟಿದ ಏಡಿ

ಮೈಸೂರಿನ ದೇವರಾಜ ಮೊಹಲ್ಲಾದ ಮಾರುಕಟ್ಟೆಯಲ್ಲಿ ಹೂ ಕಟ್ಟುವವರನ್ನು ನೀವು ನೋಡಿರಬಹುದು. ಹೂವಿನ ತೊಟ್ಟುಗಳನ್ನು ಜೋಡಿಸಿ, ದಾರ ಸುತ್ತಿ, ಕುಣಿಕೆ ಹಾಕಿ ಎಳೆಯುತ್ತಾರೆ. ಅಂಟಿಲ್ಲ, ಸೂಜಿಯಿಲ್ಲ, ಆದರೂ ಮೊಳಗಟ್ಟಲೆ ಮಾಲೆ ಬಿಗಿಯಾಗಿ ನಿಲ್ಲುತ್ತದೆ. ದಾರದ ಬಿಗಿತ ಮತ್ತು ಘರ್ಷಣೆ, ಇವೆರಡೇ ಇದರ ಗುಟ್ಟು.

ಇದೇ ಗುಟ್ಟಿನಿಂದ ನಡೆಯುವ ಮತ್ತೊಂದು ಕೈಕಸುಬಿದೆ. ಅದರಲ್ಲಿ ಗಾಳದ ಕೊಕ್ಕೆಗೆ ಗರಿ, ಉಣ್ಣೆ, ನಾರುಗಳನ್ನು ದಾರದಿಂದ ಸುತ್ತಿ, ಮೀನಿನ ಆಹಾರದಂತೆ ತೋರುವ ಹುಸಿ ಜೀವಿಯನ್ನು ತಯಾರಿಸುತ್ತಾರೆ. ಇದಕ್ಕೆ ‘ಫ್ಲೈ’, ಅಂದರೆ ನೊಣ, ಎಂದು ಹೆಸರು. ಮೊದಲಿಗೆ ನೊಣದಂಥ ಕೀಟಗಳನ್ನೇ ಅನುಕರಿಸುತ್ತಿದ್ದರು. ಈಗ ಏಡಿ, ಸೀಗಡಿ, ಮರಿಮೀನುಗಳ ಅನುಕರಣೆಗೂ ಅದೇ ಹೆಸರು ಉಳಿದಿದೆ.

ಬಾಸ್ ಮೀನು ಮತ್ತು ಕ್ರೇಫಿಷ್

ಉತ್ತರ ಅಮೆರಿಕದ ನದಿ, ಕೆರೆಗಳಲ್ಲಿ ಬಾಸ್ ಎಂಬ ಬೇಟೆಗಾರ ಮೀನಿದೆ. ಅದರ ಮೆಚ್ಚಿನ ಆಹಾರಗಳಲ್ಲಿ ಕ್ರೇಫಿಷ್ ಒಂದು. ಹೆಸರಿನಲ್ಲಿ ‘ಫಿಷ್’ ಇದ್ದರೂ ಇದು ಮೀನಲ್ಲ. ಏಡಿ, ಸೀಗಡಿಗಳ ಬಳಗಕ್ಕೆ ಸೇರಿದ ಹತ್ತು ಕಾಲಿನ ಸಂಧಿಪದಿ. ಭಾರತದ ನದಿಗಳಲ್ಲಿ ಕ್ರೇಫಿಷ್ ಸಹಜವಾಗಿ ಇಲ್ಲ. ನಮ್ಮ ಕಾವೇರಿ, ಕಪಿಲೆಗಳ ಕಲ್ಲುಸಂದಿಗಳಲ್ಲಿ ಅದರ ಬದಲು ಏಡಿಗಳಿವೆ. ಈ ಏಡಿಗಳನ್ನು ತಿನ್ನುವ ಮೀನುಗಳಲ್ಲಿ ಮಹಶೀರ್ ಮುಖ್ಯವಾದುದು.

ಅನುಕರಣೆ ರೂಪದ್ದೋ, ನಡತೆಯದೋ?

ಕಟ್ಟಿದ ಏಡಿಯನ್ನು ನಿಜವಾದ ಏಡಿಯ ಪಕ್ಕದಲ್ಲಿಟ್ಟರೆ ಚಿಕ್ಕ ಮಗುವೂ ವ್ಯತ್ಯಾಸ ಹೇಳುತ್ತದೆ. ಹಾಗಾದರೆ ಮೀನು ಹೇಗೆ ಮೋಸಹೋಗುತ್ತದೆ? ಹರಿಯುವ ನೀರಿನಲ್ಲಿ ಅದಕ್ಕೆ ಪರೀಕ್ಷೆಗೆ ಸಮಯವಿಲ್ಲ. ಗಾತ್ರ, ಬಣ್ಣದ ಛಾಯೆ, ಎಲ್ಲಕ್ಕಿಂತ ಮಿಗಿಲಾಗಿ ಚಲನೆ ಸರಿಯಿದ್ದರೆ ಅದು ಬಾಯಿ ಹಾಕುತ್ತದೆ.

ಹೆದರಿದ ಕ್ರೇಫಿಷ್ ಬಾಲವನ್ನು ಹೊಟ್ಟೆಯಡಿಗೆ ಪಟ್ಟನೆ ಮಡಚಿ ಹಿಮ್ಮುಖವಾಗಿ ಚಿಮ್ಮುತ್ತದೆ. ಅದರ ದೇಹದಲ್ಲಿ ತುಂಬ ದಪ್ಪನೆಯ ನರತಂತುಗಳಿವೆ. ನರತಂತು ದಪ್ಪವಾದಷ್ಟೂ ಸಂದೇಶ ಬೇಗ ಸಾಗುತ್ತದೆ. ಆದ್ದರಿಂದ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಅವಧಿಯಲ್ಲೇ ಬಾಲ ಕೆಲಸ ಆರಂಭಿಸುತ್ತದೆ.

ಈ ನಡತೆಯನ್ನು ಅನುಸರಿಸಿ ಫ್ಲೈಯನ್ನು ಹಿಂದುಮುಂದಾಗಿ ಕಟ್ಟುತ್ತಾರೆ. ಗಾಳದ ದಾರ ಪೋಣಿಸುವ ತೂತಿಗೆ ಕೊಕ್ಕೆಯ ಕಣ್ಣು ಎನ್ನುತ್ತಾರೆ. ಬಾಲ ಈ ಕಣ್ಣಿನ ಕಡೆಗೂ, ಇಕ್ಕಳದಂಥ ಕೈಗಳು ಕೊಕ್ಕೆ ಬಾಗುವ ಕಡೆಗೂ ಇರುತ್ತವೆ. ದಾರ ಎಳೆದಾಗ ಹುಸಿ ಕ್ರೇಫಿಷ್ ಬಾಲ ಮುಂದಾಗಿ ಸಾಗುತ್ತದೆ. ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ ಸಸ್ಕ್ವೆಹಾನಾ ನದಿಯ ಬಾಸ್ ಮೀನುಗಳಿಗಾಗಿ ರೂಪಿಸಿದ ಕ್ರೇಫಿಷ್ ಫ್ಲೈ ಹೆಸರುವಾಸಿಯಾದದ್ದು.

ನಮ್ಮ ಏಡಿಯ ಮಾತು ಬೇರೆ. ಅದರ ಬಾಲ ಹೊಟ್ಟೆಗೆ ಅಂಟಿದಂತೆ ಮಡಚಿಕೊಂಡಿರುತ್ತದೆ, ಚಿಮ್ಮಲು ಬಾರದು. ಅದು ಅಡ್ಡಡ್ಡ ನಡೆದು ಕಲ್ಲಿನಡಿ ಸೇರುತ್ತದೆ. ಹಾಗಾಗಿ ಏಡಿಯ ಫ್ಲೈ ಚಪ್ಪಟೆಯಾಗಿರಬೇಕು, ಬೇಗ ಮುಳುಗಬೇಕು, ತಳದಲ್ಲಿ ತೆವಳಬೇಕು.

ಬಣ್ಣ ಯಾವುದು?

ಕೆಂಪು ಎಂದು ಹಲವರು ಹೇಳಬಹುದು. ಆದರೆ ಆ ಕೆಂಪು ಅಡುಗೆಮನೆಯದು! ಏಡಿ, ಸೀಗಡಿಗಳ ಚಿಪ್ಪಿನಲ್ಲಿ ಆಸ್ಟಜಾಂಥಿನ್ ಎಂಬ ಕೆಂಪು ವರ್ಣದ್ರವ್ಯವಿದೆ. ಜೀವಂತವಿದ್ದಾಗ ಅದು ಪ್ರೋಟೀನಿನೊಡನೆ ಬೆಸೆದುಕೊಂಡಿರುವುದರಿಂದ ಅದರ ಕೆಂಪು ಕಾಣುವುದಿಲ್ಲ. ಬೇಯಿಸಿದಾಗ ಪ್ರೋಟೀನು ಕೆಟ್ಟು ಬಣ್ಣ ಹೊರಬೀಳುತ್ತದೆ. ಹೊಳೆಯಲ್ಲಿ ಜೀವಿಸುವ ಇವುಗಳ ಬಣ್ಣ ಬಹುಮಟ್ಟಿಗೆ ಕಂದು, ಬೂದು ಅಥವಾ ಪಾಚಿ ಹಸಿರು.

ಕಟ್ಟುವ ಕ್ರಮ

1. ಕೊಕ್ಕೆಯನ್ನು ಪುಟ್ಟ ವೈಸಿಗೆ ಸಿಕ್ಕಿಸಿ, ಅದರ ದಂಡಿನ ಮೇಲೆ ನೂಲನ್ನು ಒತ್ತಾಗಿ ಸುತ್ತಬೇಕು. ನಯವಾದ ಲೋಹದ ಮೇಲೆ ಉಳಿದ ಸಾಮಗ್ರಿ ಜಾರದಂತೆ ಈ ಸುತ್ತುಗಳು ತಡೆಯುತ್ತವೆ.

2. ಕಣ್ಣಿನ ಹತ್ತಿರ, ದಂಡಿನ ಬೆನ್ನಿನ ಮೇಲೆ ಎರಡು ಲೋಹದ ಮಣಿಗಳನ್ನು ಕಟ್ಟಬೇಕು. ಸೀಸ ವಿಷಕಾರಿ, ಹಿತ್ತಾಳೆ ಲೇಸು. ಭಾರವಾದ ಬೆನ್ನು ಕೆಳಗಾಗಿ ಕೊಕ್ಕೆ ಮಗುಚಿಕೊಳ್ಳುತ್ತದೆ. ಮೊನೆ ಮೇಲ್ಮುಖವಾಗುವುದರಿಂದ ಕಲ್ಲಿಗೆ ಸಿಕ್ಕಿಕೊಳ್ಳುವುದು ಕಡಿಮೆ.

3. ಬಾಗಿದ ಕಡೆಗೆ ಮೀಸೆಗಾಗಿ ಎರಡು ಎಳೆ ತೆಂಗಿನ ನಾರು, ಕೈಗಳಿಗಾಗಿ ಎರಡು ಕೋಳಿ ಗರಿ.

4. ದಂಡಿನ ಉದ್ದಕ್ಕೂ ಕಂದು ಉಣ್ಣೆ ಸುತ್ತಿದರೆ ಮೈ. ಅದರ ಮೇಲೆ ಒಂದು ಗರಿಯನ್ನು ಸುರುಳಿಯಾಗಿ ಸುತ್ತಿದರೆ ಎಳೆಗಳು ಕೆದರಿ ನಿಂತು ಕಾಲುಗಳಾಗುತ್ತವೆ.

5. ಮೇಲೊಂದು ಪಟ್ಟಿ ಹೊದಿಸಿ, ಮೋಟಾರಿನ ಹಳೆಯ ತಾಮ್ರದ ತಂತಿಯಿಂದ ಅಂತರ ಬಿಟ್ಟು ಸುತ್ತಿದರೆ ಚಿಪ್ಪಿನ ಖಂಡಗಳು ಮೂಡುತ್ತವೆ. ಕೊನೆಗೆ ಗಂಟು ಹಾಕಿ, ಒಂದು ಹನಿ ನೈಲ್ ಪಾಲಿಷ್ ಹಚ್ಚಬೇಕು.

ಹುಸಿ ಏಡಿಯೇ ಏಕೆ?

ಜೀವಂತ ಏಡಿಯನ್ನೇ ಸಿಕ್ಕಿಸಬಹುದಲ್ಲ ಎಂದು ನೀವು ಕೇಳಬಹುದು. ಅಮೆರಿಕದಲ್ಲಿ ಹಾಗೆ ಮಾಡಿದ್ದರ ಫಲ ದೊಡ್ಡದು. ಗಾಳಗಾರರು ಬಕೆಟ್ಟಿನಲ್ಲಿ ಉಳಿದ ಕ್ರೇಫಿಷ್‌ಗಳನ್ನು ಕಂಡ ನೀರಿಗೆ ಸುರಿದರು. ‘ರಸ್ಟಿ’ ಎಂಬ ಜಾತಿ ಹೀಗೆ ಹೊಸ ಕೆರೆಗಳನ್ನು ಸೇರಿ, ಅಲ್ಲಿನ ಜಲಸಸ್ಯಗಳನ್ನೂ ಸ್ಥಳೀಯ ಕ್ರೇಫಿಷ್‌ಗಳನ್ನೂ ನಾಶಪಡಿಸಿತು. ನೂಲಿನ ಏಡಿ ಮರಿ ಹಾಕುವುದಿಲ್ಲ!

ಬೇರೆ ನೀರಿನ ಜೀವಿಯನ್ನು ತಂದು ಬಿಟ್ಟ ಕಥೆ ನಮ್ಮ ಕಾವೇರಿಯಲ್ಲೂ ಇದೆ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಪಿಲಾ ನದಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದಿದ್ದರು. ಕಾವೇರಿ ಮತ್ತು ಅದರ ಉಪನದಿಗಳಿಗೆ ಮಾತ್ರ ಸೇರಿದ ಗೂನುಬೆನ್ನಿನ ಮಹಶೀರ್ ಇಂಥ ಗಾತ್ರಕ್ಕೆ ಬೆಳೆಯುತ್ತಿತ್ತು. ಮುಂದೆ ಕಾವೇರಿಗೆ ಬೇರೆಡೆ ಸಾಕಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ಬಿಟ್ಟರು. ಗಾಲಿಬೋರೆಯಲ್ಲಿ ರಾಗಿ ಉಂಡೆಯ ಗಾಳಕ್ಕೆ ಬಿದ್ದ ಮೀನುಗಳನ್ನು ತೂಗಿ, ಬರೆದಿಟ್ಟು, ಜೀವಂತ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರ ವರೆಗಿನ ಆ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ನಿಜ ತಿಳಿಯಿತು: ನೀಲಿರೆಕ್ಕೆಯವು ಹೆಚ್ಚಿದ್ದವು, ಗೂನುಬೆನ್ನಿನವು ಕುಸಿದಿದ್ದವು. 2018ರಲ್ಲಿ ಈ ಮೀನು ಟಾರ್ ರೇಮಾದೇವಿ ಎಂಬ ಜಾತಿಯದೆಂದು ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯನ್ನೂ ಸೇರಿತು.

ಮೀನನ್ನು ಜೀವಂತ ಬಿಟ್ಟದ್ದರಿಂದಲೇ ಆ ದಾಖಲೆಗೆ ಬೆಲೆ ಬಂತು. ಫ್ಲೈಯ ಅನುಕೂಲವೂ ಇದೇ. ನಿಜವಾದ ಆಹಾರವನ್ನು ಮೀನು ಒಳಕ್ಕೆ ನುಂಗಿಬಿಡುತ್ತದೆ. ಫ್ಲೈ ಸಾಮಾನ್ಯವಾಗಿ ತುಟಿಯಂಚಿಗೆ ಸಿಕ್ಕುತ್ತದೆ. ಮೊನೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ್ದರೆ ಬಿಡಿಸುವುದು ಇನ್ನೂ ಸುಲಭ.

ಮಾಡಿ ನೋಡಿ

ಇದಕ್ಕೆ ಮೊನೆಯುಳ್ಳ ಕೊಕ್ಕೆ ಬೇಡ. ತೆಳು ತಂತಿಯನ್ನು ಕೊಕ್ಕೆಯಂತೆ ಬಗ್ಗಿಸಿ, ಉಣ್ಣೆ ಸುತ್ತಿ, ಒದ್ದೆ ಮಾಡಿ. ಎರಡು ಹಿತ್ತಾಳೆ ಮಣಿಗಳನ್ನು ಮೊದಲು ದಂಡಿನ ಒಳಬದಿಗೆ, ಆಮೇಲೆ ಬೆನ್ನಿನ ಕಡೆಗೆ ಕಟ್ಟಿ, ಗಾಜಿನ ಜಾಡಿಯ ನೀರಿಗೆ ಬಿಡಿ. ಎರಡು ಸಲವೂ ಅದು ಹೇಗೆ ಮುಳುಗಿತು? ಗುರುತ್ವಕೇಂದ್ರದ ಪಾಠವನ್ನು ನೆನೆದು ಕಾರಣ ಬರೆಯಿರಿ.