ಚಂದ್ರನ ಚಳಿಗೆ ಯಂತ್ರಕ್ಕೊಂದು ಕಂಬಳಿ

ಗೋಕಾಕ: ಅಂಟು, ಗೋಡಂಬಿ, ಒಣಕೊಬ್ಬರಿ ಬಿಡಿಯಾಗಿದ್ದರೆ ಉದುರುವ ಪದಾರ್ಥಗಳು. ಬೆಲ್ಲದ ಪಾಕದಲ್ಲಿ ಬೆರೆತಾಗ ಅವೇ ಗಟ್ಟಿ ಕರದಂಟು. ಕಾಂಪೋಸಿಟ್ ಅಥವಾ ಸಂಯೋಜಿತ ವಸ್ತು ಎಂದರೇನು ಎಂಬುದಕ್ಕೆ ಗೋಕಾಕದವರಿಗೆ ಬೇರೆ ಉದಾಹರಣೆ ಬೇಕಿಲ್ಲ. ಮೂಡಲಗಿ, ಹುಕ್ಕೇರಿ ಭಾಗದ ಹಳೆಯ ಮನೆಗಳ ಗೋಡೆಯ ಮಣ್ಣಿಗೆ ಹೊಟ್ಟು ಕಲಸುತ್ತಿದ್ದುದೂ ಇದೇ ತತ್ವದಿಂದ. ಮಣ್ಣು ಭಾರ ಹೊತ್ತರೆ, ಹೊಟ್ಟು ಬಿರುಕು ತಡೆಯುತ್ತದೆ.

ಬಾಹ್ಯಾಕಾಶ ನೌಕೆಯಲ್ಲಿ ಮಣ್ಣಿನ ಸ್ಥಾನದಲ್ಲಿ ಎಪಾಕ್ಸಿ ರಾಳ, ಹೊಟ್ಟಿನ ಸ್ಥಾನದಲ್ಲಿ ಇಂಗಾಲದ ಎಳೆಗಳಿರುತ್ತವೆ. ಇಂಥ ಎರಡು ತೆಳು ಹಾಳೆಗಳ ನಡುವೆ ಜೇನುಗೂಡಿನಾಕಾರದ ಅಲ್ಯೂಮಿನಿಯಂ ಇಟ್ಟರೆ ಹಗುರವಾದರೂ ಬಾಗದ ಫಲಕ ಸಿದ್ಧ. ಶಾಖ ಏರಿಳಿದರೂ ಇಂಗಾಲದ ಎಳೆ ಉದ್ದಕ್ಕೆ ಹಿಗ್ಗುವುದು, ಕುಗ್ಗುವುದು ಅತ್ಯಲ್ಪ. ಚಂದ್ರನಲ್ಲಿ ಇದೇ ದೊಡ್ಡ ಗುಣ. 2023ರಲ್ಲಿ ಚಂದ್ರಯಾನ-3ರ ವಿಕ್ರಮ್ ಇಳಿದ ಇಳಿಜಾರಿನಲ್ಲಿ ಚಾಸ್ಟೆ ಉಪಕರಣ ಹಗಲಿನಲ್ಲಿ 82 ಡಿಗ್ರಿ ಸೆಲ್ಸಿಯಸ್ ದಾಖಲಿಸಿತು. ಮೀಟರಿನಷ್ಟು ದೂರದ ಸಮತಟ್ಟು ನೆಲದಲ್ಲಿ ಸುಮಾರು 60 ಡಿಗ್ರಿ. ಇರುಳಿನಲ್ಲಿ ಅಲ್ಲಿಯ ನೆಲ ಮೈನಸ್ 170 ಡಿಗ್ರಿಯ ಸಮೀಪಕ್ಕೆ ಇಳಿಯುತ್ತದೆ.

ಟಿ.ವಿ.ಯಲ್ಲಿ ಕಂಡ ಹೊನ್ನಿನ ಹೊದಿಕೆಯಲ್ಲಿ ಚಿನ್ನವಿಲ್ಲ. ಪಾಲಿಇಮೈಡ್ ಎಂಬ ಹಳದಿ ಪ್ಲಾಸ್ಟಿಕ್ ಹಾಳೆಯ ಹಿಂಬದಿಗೆ ಅಲ್ಯೂಮಿನಿಯಂ ಲೇಪಿಸಿ, ನಡುವೆ ಬಲೆ ಹರಡಿ, ಹಲವು ಪದರ ಜೋಡಿಸುತ್ತಾರೆ. ಗಾಳಿಯಿಲ್ಲದ ಕಡೆ ಶಾಖ ಬಹುಪಾಲು ವಿಕಿರಣವಾಗಿಯೇ ಸಾಗುವುದರಿಂದ ಪ್ರತಿ ಪದರವೂ ಅದನ್ನು ಹಿಂದಕ್ಕಟ್ಟುತ್ತದೆ. ಆದರೆ ಮಂಗಳದ ತೆಳು ಗಾಳಿಯಲ್ಲೂ ಈ ಉಪಾಯದ ಬಲ ಕುಂದುತ್ತದೆ. ಹಾಗಾಗಿ ನಾಸಾ ಅಲ್ಲಿ ಏರೋಜೆಲ್ ಬಳಸಿತು. ಶುಕ್ರನಲ್ಲಂತೂ ಕಥೆಯೇ ಬೇರೆ. 1982ರಲ್ಲಿ ಸೋವಿಯತ್ ವೆನೆರಾ-13 ಸುಮಾರು 457 ಡಿಗ್ರಿಯಲ್ಲಿ 127 ನಿಮಿಷ ಬದುಕಿದ್ದೇ ದೊಡ್ಡದು.

ಕಂಬಳಿ ಶಾಖವನ್ನು ಕಾಯುತ್ತದೆ, ಹುಟ್ಟಿಸುವುದಿಲ್ಲ. ಸೂರ್ಯನ ಬೆಳಕನ್ನೇ ನಂಬಿದ್ದ ವಿಕ್ರಮ್ ಮತ್ತು ಪ್ರಜ್ಞಾನ್, ಭೂಮಿಯ 14 ದಿನಗಳಷ್ಟು ದೀರ್ಘವಾದ ಇರುಳಿನ ಬಳಿಕ 2023ರ ಸೆಪ್ಟೆಂಬರ್ 22ರಂದು ಕರೆದಾಗ ಓಗೊಡಲಿಲ್ಲ. 1970ರಲ್ಲಿ ಇಳಿದ ಲುನೊಖೋಡ್-1 ತಿಂಗಳುಗಟ್ಟಲೆ ಓಡಾಡಿದ್ದು ಒಡಲಲ್ಲಿದ್ದ ವಿಕಿರಣಶೀಲ ಪೊಲೋನಿಯಂನ ಬಿಸಿಯಿಂದ. ಚಂದ್ರಯಾನ-3ರ ನೋದಕ ಘಟಕದಲ್ಲಿ ಇಸ್ರೊ ಕೂಡ ಇಂತಹ ಎರಡು ಪುಟ್ಟ ಶಾಖ ಘಟಕಗಳನ್ನು ಪರೀಕ್ಷೆಗಿಟ್ಟಿತ್ತು. ಲ್ಯಾಂಡರಿನಲ್ಲಿ ಅವು ಇರಲಿಲ್ಲ.

ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನಗಳ ಲೋಹದ ಬಿಡಿಭಾಗಗಳು ತಯಾರಾಗುತ್ತವೆ. ಕಾಂಪೋಸಿಟ್‌ಗಳ ಕೆಲಸ ಬೇರೆಯೇ ಬಗೆಯದು. ರಾಳವನ್ನು ಒತ್ತಡದಲ್ಲಿ ಬೇಯಿಸಲು ಆಟೋಕ್ಲೇವ್ ಬೇಕು; ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯಕ್ಕೆ ಇದರಲ್ಲಿ ದಶಕಗಳ ಅನುಭವವಿದೆ. ಜಪಾನ್ ಜೊತೆಗಿನ ಚಂದ್ರಯಾನ-5ಕ್ಕೆ 2025ರ ಮಾರ್ಚ್‌ನಲ್ಲಿ ಕೇಂದ್ರದ ಒಪ್ಪಿಗೆ ದೊರೆತಿದೆ. ಅದರ 250 ಕಿಲೋ ತೂಕದ ರೋವರ್ ಒಂದಲ್ಲ, ಹಲವು ಇರುಳುಗಳನ್ನು ದಾಟಬೇಕಿದೆ.