ಗಟ್ಟಿಶಿಲಾ ಪ್ರದೇಶದ ಅಂತರ್ಜಲ ನಕ್ಷೆ

ಗಟ್ಟಿಶಿಲಾ ಪ್ರದೇಶದ ಅಂತರ್ಜಲ ನಕ್ಷೆಯು ಕಲ್ಲುನೆಲದ ಅಡಿಯಲ್ಲಿ ನೀರು ಎಲ್ಲಿ, ಎಷ್ಟು ಆಳದಲ್ಲಿ, ಯಾವ ಬಗೆಯ ಶಿಲೆಯಲ್ಲಿ ಸಂಗ್ರಹವಾಗಿದೆ ಎಂಬುದನ್ನು ತೋರಿಸುತ್ತದೆ. ನೆಲದ ಮೇಲಿನಿಂದ ನಡೆಸುವ ಭೂಭೌತ ಸಮೀಕ್ಷೆಯನ್ನೂ ಕೊಳವೆಬಾವಿಗಳಿಂದ ದೊರೆಯುವ ಮಾಹಿತಿಯನ್ನೂ ಜೋಡಿಸಿ ಇದನ್ನು ಸಿದ್ಧಪಡಿಸಲಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಐಮಂಗಲದಂತಹ, ಮಳೆ ಕಡಿಮೆಯಿರುವ ಪ್ರದೇಶಗಳ ಕೃಷಿಗೆ ಈ ನಕ್ಷೆ ಬಹಳ ಉಪಯುಕ್ತವಾಗಿದೆ.

ತೈಲಶೋಧನೆಯ ಮಾದರಿ

ಈ ವಿಧಾನದ ಮೂಲತತ್ತ್ವವನ್ನು ತೈಲ ಮತ್ತು ಅನಿಲ ನಿಕ್ಷೇಪಗಳ ಶೋಧನೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಅಲ್ಲಿ ಸ್ಫೋಟದಿಂದ ಅಥವಾ ಕಂಪನಯಂತ್ರದಿಂದ ಅಲೆಗಳನ್ನು ಎಬ್ಬಿಸಿ, ಅವು ಶಿಲಾಸ್ತರಗಳಿಗೆ ತಾಗಿ ಮರಳಲು ಹಿಡಿಯುವ ಕಾಲವನ್ನು ಅಳೆಯುತ್ತಾರೆ. ಕಾಲದಿಂದ ಆಳವನ್ನು ತಿಳಿಯಲು ಅಲೆಯ ವೇಗ ಗೊತ್ತಿರಬೇಕು. ಅಲೆಯು 2 ಸೆಕೆಂಡಿನಲ್ಲಿ ಹೋಗಿ ಬಂದಿತೆಂದುಕೊಳ್ಳೋಣ. ಸರಾಸರಿ ವೇಗ ಸೆಕೆಂಡಿಗೆ 3,000 ಮೀಟರ್ ಆಗಿದ್ದರೆ ಸ್ತರದ ಆಳ 3,000 ಮೀಟರ್. 2,700 ಆಗಿದ್ದರೆ ಆಳವೂ 2,700 ಮೀಟರ್. ಈ 300 ಮೀಟರಿನ ಸಂದೇಹವನ್ನು ಬಗೆಹರಿಸುವುದು ಬಾವಿಯೊಳಗಿನ ಅಳತೆ. ಮುಂಬೈ ಹೈ ಪ್ರದೇಶದ ರಚನೆಯನ್ನು 1960ರ ದಶಕದ ಸಮೀಕ್ಷೆ ತೋರಿಸಿಕೊಟ್ಟರೂ ತೈಲ ಇರುವುದು ಖಚಿತವಾದದ್ದು 1974ರಲ್ಲಿ ಬಾವಿ ಕೊರೆದಾಗ.

ಚಿತ್ರದುರ್ಗದ ಶಿಲೆಗಳು

ತೈಲವು ಮುಖ್ಯವಾಗಿ ಜೀವಿಗಳ ಅವಶೇಷಗಳುಳ್ಳ ಜಲಜಶಿಲೆಗಳಲ್ಲಿ ಉಂಟಾಗುತ್ತದೆ. ಚಿತ್ರದುರ್ಗದ ಶಿಲಾಪಟ್ಟಿಯು 250 ಕೋಟಿ ವರ್ಷಗಳಿಗೂ ಹಳೆಯದು. ಶಾಖ ಮತ್ತು ಒತ್ತಡಗಳಿಂದ ರೂಪಾಂತರಗೊಂಡದ್ದು. ಆದ್ದರಿಂದ ಇಲ್ಲಿ ತೈಲವನ್ನು ನಿರೀಕ್ಷಿಸುವಂತಿಲ್ಲ. 1970ರ ದಶಕದಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು ಆಂಧ್ರದ ಕಾವಲಿಯಿಂದ ಉಡುಪಿಯವರೆಗೆ, ಈ ಶಿಲಾಪಟ್ಟಿಯನ್ನು ಹಾದು, ಸುಮಾರು 600 ಕಿ.ಮೀ. ಉದ್ದದ ಕಂಪನ ಸಮೀಕ್ಷೆ ನಡೆಸಿತು. ಅದರ ಉದ್ದೇಶ ತೈಲವಲ್ಲ, ಭೂಮಿಯ ಹೊರಪದರದ ರಚನೆಯನ್ನು ತಿಳಿಯುವುದಾಗಿತ್ತು.

ಇಂತಹ ಕಲ್ಲಿನಲ್ಲಿ ನೀರು ಎರಡು ಕಡೆ ನಿಲ್ಲುತ್ತದೆ: ಮೇಲಿನ ಶಿಥಿಲಶಿಲೆಯಲ್ಲಿ ಮತ್ತು ಅದರ ಕೆಳಗಿನ ಗಟ್ಟಿಕಲ್ಲಿನ ಬಿರುಕುಗಳಲ್ಲಿ.

ವಿದ್ಯುತ್ ರೋಧಕತೆಯ ಸಮೀಕ್ಷೆ

ನೀರಿನ ಶೋಧಕ್ಕೆ ಹೆಚ್ಚಾಗಿ ಬಳಸುವುದು ವಿದ್ಯುತ್ ರೋಧಕತೆಯ ಅಳತೆ. ಒಂದೇ ಸಾಲಿನಲ್ಲಿ ನಾಲ್ಕು ಲೋಹದ ಗೂಟಗಳನ್ನು ನೆಟ್ಟು, ಹೊರಗಿನ ಎರಡರ ಮೂಲಕ ವಿದ್ಯುತ್ತನ್ನು ಹರಿಸಿ, ಒಳಗಿನ ಎರಡರ ನಡುವಿನ ವೋಲ್ಟೇಜನ್ನು ಅಳೆಯುತ್ತಾರೆ. ಹೊರಗೂಟಗಳ ಅಂತರ ಹೆಚ್ಚಿದಂತೆ ವಿದ್ಯುತ್ತು ಹೆಚ್ಚು ಆಳಕ್ಕೆ ಇಳಿಯುತ್ತದೆ. ಬಿರುಕಿಲ್ಲದ ಗಟ್ಟಿ ಗ್ರಾನೈಟಿನ ರೋಧಕತೆ ಸಾಮಾನ್ಯವಾಗಿ 1,000 ಓಮ್-ಮೀಟರಿಗೂ ಅಧಿಕ. ನೀರು ತುಂಬಿದ ಶಿಥಿಲಶಿಲೆಯದು ಬಹಳ ಕಡಿಮೆ. ಆದರೆ ಜೇಡಿಮಣ್ಣು ಮತ್ತು ಉಪ್ಪುನೀರು ಸಹ ಕಡಿಮೆ ರೋಧಕತೆಯನ್ನೇ ತೋರಿಸುತ್ತವೆ. ಆಳದಲ್ಲಿರುವ ಕಿರಿದಾದ ಬಿರುಕು ಈ ಅಳತೆಗೆ ಸಿಗದೆಯೂ ಹೋಗಬಹುದು.

ಕೊಳವೆಬಾವಿಯ ಮಾಹಿತಿ

ಈ ಸಂದೇಹಗಳಿಗೆ ಉತ್ತರ ಕೊಳವೆಬಾವಿಯಲ್ಲಿದೆ. ಕೊರೆಯುವಾಗ ಹೊರಬರುವ ಕಲ್ಲುಪುಡಿಯ ಬಣ್ಣ, ನೀರು ಸಿಕ್ಕ ಆಳ, ಬಂದ ನೀರಿನ ಪ್ರಮಾಣ ಇವು ನೇರ ಸಾಕ್ಷ್ಯಗಳು. ಕೇಸಿಂಗ್ ಪೈಪಿನ ಉದ್ದವೂ ಉಪಯುಕ್ತ. ಸಡಿಲ ಮಣ್ಣು ಕುಸಿಯದಂತೆ ಗಟ್ಟಿಕಲ್ಲು ತಗಲುವವರೆಗೆ ಕೇಸಿಂಗ್ ಇಳಿಸುವುದರಿಂದ, 60 ಅಡಿ ಕೇಸಿಂಗ್ ಇಳಿದಿದ್ದರೆ ಅಲ್ಲಿ ಮಣ್ಣು ಮತ್ತು ಶಿಥಿಲಶಿಲೆಯ ದಪ್ಪ ಹೆಚ್ಚುಕಡಿಮೆ ಅಷ್ಟೇ ಎಂದು ತಿಳಿಯಬಹುದು. ಹತ್ತಾರು ಬಾವಿಗಳ ಈ ಒಂದು ಸಂಖ್ಯೆಯನ್ನು ಗ್ರಾಮದ ನಕ್ಷೆಯಲ್ಲಿ ಗುರುತಿಸಿದರೂ ನೀರು ಹಿಡಿಯುವ ಸ್ತರದ ಏರಿಳಿತ ಗೋಚರಿಸುತ್ತದೆ.

ನೀರು ಸಿಗದ ಬಾವಿಯ ವಿವರವೂ ಅಷ್ಟೇ ಮುಖ್ಯ. ಸಾಲ ಮಾಡಿ ಕೊರೆಸಿದ ಬಾವಿ ವಿಫಲವಾದಾಗ ಅದರ ವಿವರವನ್ನು ಯಾರೂ ಬರೆದಿಡದಿದ್ದರೆ, ನೆರೆಯ ಹೊಲದ ರೈತನು ಅದೇ ಬಗೆಯ ಕಲ್ಲಿನಲ್ಲಿ ಮತ್ತೆ ಹಣ ಕಳೆದುಕೊಳ್ಳುವ ಸಂಭವವಿರುತ್ತದೆ.

ಕರ್ನಾಟಕದಲ್ಲಿ ನಡೆದ ಕಾರ್ಯ

ಕೇಂದ್ರೀಯ ಅಂತರ್ಜಲ ಮಂಡಳಿಯು ದೇಶದಲ್ಲಿ ಪ್ರಾಯೋಗಿಕ ನಕ್ಷೆಗಾಗಿ ಆಯ್ದ ಆರು ಪ್ರದೇಶಗಳಲ್ಲಿ ನೆರೆಯ ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನವೂ ಒಂದು. ಅಲ್ಲಿ ಹೆಲಿಕಾಪ್ಟರಿನಿಂದ ತೂಗುಬಿಟ್ಟ ವಿದ್ಯುತ್ಕಾಂತೀಯ ಉಪಕರಣದ ಮೂಲಕವೂ ಸಮೀಕ್ಷೆ ನಡೆಯಿತು. ಕರ್ನಾಟಕದ 2011ರ ಅಂತರ್ಜಲ ಅಧಿನಿಯಮವು ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ಕೊರೆಯಲು ಅನುಮತಿಯನ್ನೂ ಬಾವಿಗಳ ನೋಂದಣಿಯನ್ನೂ ಕಡ್ಡಾಯಗೊಳಿಸಿದೆ.

ಮಿತಿಗಳು

ನಕ್ಷೆಯು ವಿಫಲತೆಯ ಸಂಭವವನ್ನು ತಗ್ಗಿಸುತ್ತದೆ, ಸಂಪೂರ್ಣವಾಗಿ ನಿವಾರಿಸುವುದಿಲ್ಲ. ಶಿಲೆಯ ರಚನೆ ಬದಲಾಗದಿದ್ದರೂ ಅದರಲ್ಲಿರುವ ನೀರು ಮಳೆ ಮತ್ತು ಬಳಕೆಗೆ ತಕ್ಕಂತೆ ಏರಿಳಿಯುತ್ತದೆ. ಆದ್ದರಿಂದ ಮಳೆಗಾಲದ ಮುನ್ನ ಮತ್ತು ಅನಂತರ ವೀಕ್ಷಣಾ ಬಾವಿಗಳ ನೀರಿನ ಮಟ್ಟವನ್ನು ಅಳೆದು, ನಕ್ಷೆಯೊಡನೆ ಹೋಲಿಸುತ್ತಿರುವುದು ಅಗತ್ಯ.