ಅನಂತನ ಎರಡು ನೆಲೆ, ಮಳೆಯ ಎರಡು ಲೆಕ್ಕ

ಕುಂಬಳೆ ಸೀಮೆಯ ಅನಂತಪುರದಲ್ಲಿ, ಮುರಕಲ್ಲಿನ ಪದವಿನ ತಗ್ಗಿನಲ್ಲಿ ತುಂಬಿ ನಿಂತ ಸರೋವರದ ನಡುವೆ ಅನಂತಪದ್ಮನಾಭನ ಗುಡಿ ಇರುವುದನ್ನು ಕಂಡವರು ಬಹುಮಂದಿ. ದೇವರಿಗಿಂತ ಹೆಚ್ಚಾಗಿ ಬಬಿಯಾ ಎಂಬ ಮೊಸಳೆಯನ್ನು ಕಾಣಲೆಂದೇ, ಅದು 2022ರ ಅಕ್ಟೋಬರಿನಲ್ಲಿ ತೀರಿಕೊಳ್ಳುವವರೆಗೆ, ಅಲ್ಲಿಗೆ ಹೋಗುತ್ತಿದ್ದವರೂ ಉಂಟು. ಆ ಸರೋವರದ ಮೂಲೆಯೊಂದರಲ್ಲಿ ಗುಹೆಯೊಂದಿದೆ. ಮಳೆ ಎಷ್ಟೇ ಸುರಿಯಲಿ, ಗುಹೆಯ ಬಾಯಿಯ ನೀರಿನ ಮಟ್ಟ ಏರದೆಂದು ಭಕ್ತರ ನಂಬಿಕೆ. ಈ ಗುಹೆಯ ಮಾರ್ಗವಾಗಿಯೇ ಅನಂತನು ತಿರುವನಂತಪುರಕ್ಕೆ ನಡೆದು ಅಲ್ಲಿ ಪವಡಿಸಿದನೆಂದೂ, ಆದಕಾರಣ ಇದೇ ಮೂಲಸ್ಥಾನವೆಂದೂ ಸ್ಥಳಪುರಾಣ.

ಪುರಾಣದ ಮಾತು ಹಾಗಿರಲಿ. ಮಳೆಯ ಲೆಕ್ಕ ಬರೆಯುವವನಿಗೆ ಇಲ್ಲಿ ಬೇರೊಂದು ಕುತೂಹಲ ಹುಟ್ಟುವುದು. ಸ್ವಾಮಿಯು ಬಿಟ್ಟುಹೋದ ಸೀಮೆಗೆ ವರ್ಷವೊಂದಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಸೇರಿದ ನಗರಕ್ಕೆ ಅದರ ಅರ್ಧದಷ್ಟು, ಸುಮಾರು 1,800. ಒಂದೇ ಕಡಲು, ಒಂದೇ ಕರಾವಳಿ, ಬೆನ್ನಿಗೆ ಒಂದೇ ಸಹ್ಯಾದ್ರಿ; ಮಳೆಗಾಲವಾದರೋ ವಾಡಿಕೆಯಂತೆ ತಿರುವನಂತಪುರವನ್ನೇ ಮೊದಲು ಮುಟ್ಟಿ, ಕೆಲವು ದಿನ ತಡೆದು ನಮ್ಮ ಕಡೆಗೆ ಬರುವುದು. ಮೊದಲು ಕಂಡವರಿಗೆ ಕಡಿಮೆ, ಕಾದವರಿಗೆ ಹೆಚ್ಚು.

ಇದರ ಕಾರಣವನ್ನು ಅರಿಯಬೇಕಾದರೆ ಅನಂತಪುರದ ಆಕಾಶವನ್ನಷ್ಟೇ ನೋಡಿದರೆ ಸಾಲದು. ಭೂಮಧ್ಯರೇಖೆಗೆ ಬಹುದೂರ ದಕ್ಷಿಣದಲ್ಲಿ, ಮಾರಿಷಸ್ ಮೊದಲಾದ ಮಸ್ಕರೀನ್ ದ್ವೀಪಗಳ ಆಚೆಯ ಕಡಲಮೇಲೆ, ನಮಗೆ ಮಳೆಗಾಲವಾಗಿರುವಾಗ ಅಲ್ಲಿಗೆ ಚಳಿಗಾಲವಾದುದರಿಂದ, ವಾಯುವಿನ ಒತ್ತಡ ವಿಶೇಷವಾಗಿ ಹೆಚ್ಚಿರುತ್ತದೆ. ಅಲ್ಲಿಂದ ಹೊರಟ ಗಾಳಿ ವಾಯವ್ಯಾಭಿಮುಖವಾಗಿ ಬಂದು, ಪೂರ್ವ ಆಫ್ರಿಕಾದ ಎತ್ತರದ ನೆಲಕ್ಕೆ ತಡೆದು, ಕೀನ್ಯಾದ ಬಳಿ ಭೂಮಧ್ಯರೇಖೆಯನ್ನು ದಾಟಿ, ಭೂಮಿಯ ಭ್ರಮಣದ ದೆಸೆಯಿಂದ ಬಲಕ್ಕೆ ಹೊರಳಿ, ಸೊಮಾಲಿಯಾದ ತೀರವನ್ನು ಉಜ್ಜಿಕೊಂಡು ಅರಬ್ಬಿ ಸಮುದ್ರದ ಮೇಲೆ ರಭಸದಿಂದ ಹಾಯುವುದು. ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ನದಿಯಂತೆ ಹರಿಯುವ ಈ ಪ್ರವಾಹವನ್ನು 1960ರ ದಶಕದ ಕೊನೆಯಲ್ಲಿ ವಿವರಿಸಿದವನು ಫಿಂಡ್ಲೇಟರ್ ಎಂಬ ಬ್ರಿಟಿಷ್ ಹವಾಮಾನತಜ್ಞ. ಇದಕ್ಕೂ ಬಹುಮೇಲೆ, ಹದಿನಾಲ್ಕು ಕಿಲೋಮೀಟರಿಗೂ ಮೀರಿದ ಎತ್ತರದಲ್ಲಿ, ನೇರ ವಿರುದ್ಧ ದಿಕ್ಕಿನಲ್ಲಿ, ಮೂಡಣದಿಂದ ಪಡುವಣಕ್ಕೆ ಧಾವಿಸುವ ಮತ್ತೊಂದು ವಾಯುಪ್ರವಾಹವುಂಟೆಂದು 1958ರಲ್ಲಿ ನಿರೂಪಿಸಿದವರು ನಮ್ಮವರೇ ಆದ ಪಿ. ಕೋಟೇಶ್ವರಂ. ಕೆಳಗೊಂದು, ಮೇಲೊಂದು, ಇವೆರಡರ ನಡುವೆ ಮೋಡ ಬೆಳೆಯುವುದು.

ಕೆಳಗಿನ ಪ್ರವಾಹದ ನಡುಗೆರೆಯು ಕಡಲನ್ನು ದಾಟಿ ಬರುವುದು ಸಾಮಾನ್ಯವಾಗಿ ಅನಂತಪುರದ ಅಕ್ಷಾಂಶದ ಆಸುಪಾಸಿನಲ್ಲಿ. ತಿರುವನಂತಪುರ ಅದರ ದಕ್ಷಿಣದ ಅಂಚಿಗೆ ಬೀಳುವುದು. ಇಲ್ಲಿ ಗಾಳಿ ಘಟ್ಟಕ್ಕೆ ಎದೆಗೊಟ್ಟು ಹಾಯುತ್ತದೆ. ಅಲ್ಲಿ ಅದರ ಬಿರುಸು ಕಡಿಮೆ. ಅವರಿಗೆ ತುಲಾಮಾಸದ ಹಿಂಗಾರು ಕೈಹಿಡಿಯುವುದು. ನಮಗಾದರೋ ಕಾರ್ತೆಲ್, ಆಟಿ, ಸೋಣ ಈ ಮೂರು ತುಳು ತಿಂಗಳು ಕೈಕೊಟ್ಟರೆ ವರ್ಷವೇ ಕೈಕೊಟ್ಟಂತೆ.

ಗಾಳಿಯ ನಡುಗೆರೆ ತುಸು ಸರಿದರೆ ಏನಾಗುವುದೆಂಬುದಕ್ಕೆ 2018ಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಆ ವರ್ಷದ ಆಗಸ್ಟಿನಲ್ಲಿ ಒಡಿಶಾದ ಕಡೆ ಎದ್ದ ವಾಯುಭಾರ ಕುಸಿತವು ಪಡುವಣ ಗಾಳಿಯನ್ನು ಸೆಳೆದು, ಆ ಸೆಳೆತದ ಭಾರವೆಲ್ಲ ಮಧ್ಯಕೇರಳದ ಘಟ್ಟಗಳ ಮೇಲೆ ಬಿದ್ದು, ಅಣೆಕಟ್ಟುಗಳ ಬಾಗಿಲು ತೆರೆದು, ರಾಜ್ಯಕ್ಕೆ ರಾಜ್ಯವೇ ಮುಳುಗಿತೆಂಬ ಸುದ್ದಿ ಲೋಕವೆಲ್ಲ ಹಬ್ಬಿತು. ಕೇಂದ್ರ ಜಲ ಆಯೋಗದ ವರದಿಯ ಪ್ರಕಾರ ಜೂನ್ 1ರಿಂದ ಆಗಸ್ಟ್ 22ರವರೆಗೆ ಇಡುಕ್ಕಿ ಜಿಲ್ಲೆಗೆ ವಾಡಿಕೆಗಿಂತ ಶೇಕಡಾ 92ರಷ್ಟು ಹೆಚ್ಚು ಮಳೆ. ಅದೇ ಪಟ್ಟಿಯಲ್ಲಿ ಅನಂತಪುರವಿರುವ ಕಾಸರಗೋಡು ಜಿಲ್ಲೆಗೆ ಬಂದುದು 2,287 ಮಿಲಿಮೀಟರ್, ಎಂದರೆ ವಾಡಿಕೆಗಿಂತ ಶೇಕಡಾ 12ರಷ್ಟು ಕಡಿಮೆ! ‘ಕೇರಳದಲ್ಲಿ ಮಳೆ ಹೆಚ್ಚಿತು’ ಎಂಬ ವಾಕ್ಯ ಅಂದು ಎಲ್ಲ ಪತ್ರಿಕೆಗಳಲ್ಲೂ ಅಚ್ಚಾಯಿತು. ರಾಜ್ಯದ ಸರಾಸರಿಯನ್ನು ಗಡಿನಾಡಿಗೆ ತಂದು ಅಂಟಿಸುವ ಅಭ್ಯಾಸ ಭಾಷೆಯ ವಿಷಯದಲ್ಲಿ ನಮಗೆ ಹೊಸತಲ್ಲ. ಮಳೆಯ ವಿಷಯದಲ್ಲಿಯೂ ಅದು ಹೊಂದದು.

ಇನ್ನು ದೀರ್ಘಕಾಲದ ಗತಿ. 1871ರಿಂದ 2005ರವರೆಗಿನ ಅಂಕಿಗಳನ್ನು ಪರಿಶೀಲಿಸಿ ಕೇರಳದ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ರಾಜ್ಯದ ಮುಂಗಾರು ಕ್ರಮೇಣ ಇಳಿಯುತ್ತಿದೆಯೆಂದೂ ಹಿಂಗಾರು ಏರುತ್ತಿದೆಯೆಂದೂ ಕಂಡಿತು. ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಹೊರತಂದ ಸಮೀಕ್ಷೆಯು 1951ರಿಂದ 2015ರವರೆಗೆ ದೇಶದ ಮುಂಗಾರು ಸುಮಾರು ಶೇಕಡಾ 6ರಷ್ಟು ತಗ್ಗಿತೆಂದೂ, ಆ ತಗ್ಗುವಿಕೆ ಎದ್ದುಕಾಣುವ ಪ್ರದೇಶಗಳಲ್ಲಿ ಪಶ್ಚಿಮಘಟ್ಟವೂ ಒಂದೆಂದೂ, ಅದೇ ಅವಧಿಯಲ್ಲಿ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಯಿತೆಂದೂ ತಿಳಿಸಿದೆ. ನೆಲ ಕಾದು ಕಡಲು ತಂಪಾಗಿದ್ದರೆ ಗಾಳಿಗೆ ಸೆಳೆತ. ಕಡಲೂ ಕಾದರೆ ಆ ಸೆಳೆತ ಸಡಿಲ. ಆದರೆ ಬಿಸಿಯಾದ ಗಾಳಿ, ಪ್ರತಿ ಡಿಗ್ರಿಗೆ ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲುದಾದ್ದರಿಂದ, ಬರುವ ಮಳೆ ಬಂದಾಗ ಒಮ್ಮೆಲೇ ಸುರಿಯುವುದು. ಪಡುಕರಾವಳಿಯ ಮಳೆಮೋಡಗಳು ಹಿಂದಿನಂತೆ ಗಿಡ್ಡಾಗಿರದೆ ಎತ್ತರಕ್ಕೆ ಬೆಳೆದ ಗುಡುಗುಮೋಡಗಳಾಗುತ್ತಿವೆಯೆಂದು ಕೊಚ್ಚಿ ವಿಶ್ವವಿದ್ಯಾಲಯದ ತಜ್ಞರು 2022ರಲ್ಲಿ ತೋರಿಸಿದ್ದಾರೆ.

ತೋಟದ ಯಜಮಾನನಿಗೆ ಈ ಭೇದ ಅಂಕಿಗಳಿಂದ ತಿಳಿಯಬೇಕಾಗಿಲ್ಲ, ಅಡಿಕೆಯ ಬುಡದಲ್ಲಿ ಉದುರಿದ ನಳ್ಳಿಯಿಂದ ತಿಳಿಯುವುದು. ನಳ್ಳಿ ಉದುರಿಸುವ ಕೊಳೆರೋಗದ ಬೀಜಾಣುವನ್ನು ಮೈಸೂರಿನ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲಿ ವಿವರಿಸಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದಂದಿನಿಂದ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಕೂಡಿಸಿ, ಮಳೆ ಹಿಡಿಯುವ ಮುನ್ನ ಒಂದು ಸಲ, ನಾಲ್ವತ್ತು ನಾಲ್ವತ್ತೈದು ದಿನ ಕಳೆದು ಇನ್ನೊಂದು ಸಲ ಮದ್ದು ಬಿಡುವುದು ಪದ್ಧತಿ. ಮಳೆ ಹಿಡಿಯುವ ಮುನ್ನ ಎಂದರೆ ಯಾವಾಗ? ನಮ್ಮ ಹಿರಿಯರಿಗೆ ಗುರುತು ಪತ್ತನಾಜೆ: ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ. ಅಲ್ಲಿಂದ ಮಳೆ ಊರುವವರೆಗೆ ಒಂದೆರಡು ವಾರದ ಬಿಡುವುಂಟೆಂಬ ಭರವಸೆ. 2023ರಲ್ಲಿ ಮುಂಗಾರು ಕೇರಳವನ್ನು ಮುಟ್ಟಿದ್ದೇ ಜೂನ್ 8ಕ್ಕೆ. ಶಾಂತಸಾಗರದಲ್ಲಿ ಎಲ್ ನಿನೊ ತಲೆಯೆತ್ತಿ, ಆ ಋತುವಿನಲ್ಲಿ ರಾಜ್ಯದ ಮಳೆ ಶೇಕಡಾ 34ರಷ್ಟು ಕುಗ್ಗಿತು. ಶಾಂತಸಾಗರದ ಒತ್ತಡದ ಏರಿಳಿತಕ್ಕೂ ನಮ್ಮ ಮಳೆಗೂ ನಂಟುಂಟೆಂಬುದು, 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರನ ಕಾಲದಿಂದ ಬಂದ ಅರಿವು. ಎರಡೇ ವರ್ಷ ಕಳೆದು 2025ರಲ್ಲಾದರೋ, ಮುಂಗಾರು ಮೇ 24ರಂದೇ ಬಂತು. ಅದೂ ತೆಂಕಣದಿಂದ ಮೆಲ್ಲನೆ ಹತ್ತದೆ, ಒಂದೇ ದಿನದಲ್ಲಿ ಕೇರಳವನ್ನೆಲ್ಲ ವ್ಯಾಪಿಸಿ ಕರ್ನಾಟಕಕ್ಕೂ ಕಾಲಿಟ್ಟಿತು. ಗೆಜ್ಜೆ ಬಿಚ್ಚುವುದಕ್ಕೂ ಮಳೆ ಹಿಡಿಯುವುದಕ್ಕೂ ನಡುವೆ ಇದ್ದ ಬಿಡುವೇ ಇಲ್ಲವಾಯಿತು. ಮದ್ದಿನ ಪಂಪು ಅಂಗಳದಲ್ಲಿಯೇ ಉಳಿಯಿತು.

ಒಮ್ಮೆಲೇ ಸುರಿದ ನೀರು ಪದವಿನ ಮುರಕಲ್ಲಿನ ಮೇಲೆ ನಿಲ್ಲದೆ ತೋಡಿಗೆ ಹರಿದುಹೋಗುವುದು. ಮೆಲ್ಲನೆ ಹೊಯ್ದುದೇ ಇಂಗಿ, ಬಾಯಾರು, ಪೈವಳಿಕೆ, ಎಣ್ಮಕಜೆಯಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಲ್ಲಿ ಮಾರ್ಚ್ ತಿಂಗಳಿಗೆ ತೊಟ್ಟಿಕ್ಕುವುದು. ಆದುದರಿಂದ ವರ್ಷಕ್ಕೆಷ್ಟು ಎಂಬುದಕ್ಕಿಂತ ಯಾವ ದಿನ ಎಷ್ಟು ಎಂಬ ಲೆಕ್ಕವೇ ನಮಗೆ ಮುಖ್ಯ. ಆ ಲೆಕ್ಕವಾದರೋ ಸರಕಾರದ ನಾಲ್ಕಾರು ಮಾಪಕಗಳಿಂದ ತುಂಬುವಂಥದಲ್ಲ. ಜಗಲಿಯಲ್ಲಿ ಕುಳಿತು ಪಂಚಾಂಗದ ಅಂಚಿನಲ್ಲಿ ಆರ್ದ್ರಾ ಇಷ್ಟು, ಪುನರ್ವಸು ಇಷ್ಟು ಎಂದು ಮಳೆ ಬರೆದಿಟ್ಟ ಅಜ್ಜಂದಿರು ಈ ಸೀಮೆಯಲ್ಲಿ ಇದ್ದರು. ಅಂಥ ಪಂಚಾಂಗದ ಕಟ್ಟು ನಿಮ್ಮ ಮನೆಯ ಅಟ್ಟದಲ್ಲಿದ್ದರೆ, ಗುಜರಿಗೆ ಹಾಕುವ ಮೊದಲು ಕೂಡ್ಲಿನಲ್ಲಿರುವ ತೋಟಬೆಳೆಗಳ ಸಂಶೋಧನಾಲಯದವರಿಗೊಮ್ಮೆ ತೋರಿಸಿರಿ.